ಕಾರ್ಯಾಗಾರದ ಕಂಪ್ರೆಸರಿನ ಗದ್ದಲ ಮತ್ತು ಅದರ ಶಮನೋಪಾಯಗಳು

ಹೈದರಾಬಾದು ಮತ್ತು ಸಿಕಂದರಾಬಾದು ಅವಳಿ ನಗರಗಳಲ್ಲಿ ಯಂತ್ರದ ಕಸುಬು ಬಲವಾಗಿ ಬೇರೂರಿದುದು ನಿಜಾಮರ ಆಳ್ವಿಕೆಯ ಕೊನೆಯ ಎರಡು ದಶಕಗಳಲ್ಲಿ. ಅಜಮಾಬಾದಿನ ಕೈಗಾರಿಕಾ ಪ್ರದೇಶವು ರೂಪುಗೊಂಡುದು, 1942ರಲ್ಲಿ ಆಲ್ವಿನ್ ಕಾರ್ಖಾನೆಯೂ 1943ರಲ್ಲಿ ಪ್ರಾಗಾ ಟೂಲ್ಸ್ ಕಾರ್ಖಾನೆಯೂ ತಲೆಯೆತ್ತಿದುದು ಆ ಕಾಲದಲ್ಲಿಯೇ. ಸ್ವಾತಂತ್ರ್ಯಾನಂತರ ಸನತ್‌ನಗರ, ಬಾಲಾನಗರ, ಜೀಡಿಮೆಟ್ಲ, ಕಾಟೇದಾನ್ ಮುಂತಾದ ಕಡೆಗಳಿಗೆ ಈ ಕಸುಬು ಹರಡಿತು. 1968ರಲ್ಲಿ ಬಾಲಾನಗರದಲ್ಲಿ ಕೇಂದ್ರ ಉಪಕರಣ ವಿನ್ಯಾಸ ಸಂಸ್ಥೆಯು ಸ್ಥಾಪನೆಯಾಯಿತು. ದೊಡ್ಡ ಕಾರ್ಖಾನೆಗಳಲ್ಲಿ ಕೆಲವು ಮುಚ್ಚಿಹೋದುವು. ಆದರೆ ಅವುಗಳ ನೆರಳಿನಲ್ಲಿ ಹುಟ್ಟಿದ ಸಣ್ಣಪುಟ್ಟ ಕಾರ್ಯಾಗಾರಗಳು ಮಾತ್ರ ಉಳಿದುಕೊಂಡಿವೆ. ನಾಲ್ಕೈದು ಮಂದಿ ಕೆಲಸಗಾರರು, ಒಂದು ಲೇತು, ಒಂದು ಕೊರೆಯುವ ಯಂತ್ರ, ಬಾಗಿಲ ಬಳಿ ಒಂದು ಕಂಪ್ರೆಸರ್—ಇಷ್ಟು ಇದ್ದರೆ ಅದೊಂದು ಕಾರ್ಯಾಗಾರ. 1956ರ ತನಕ ಒಂದೇ ರಾಜ್ಯದೊಳಗಿದ್ದ ಬೀದರ, ಕಲಬುರ್ಗಿ, ರಾಯಚೂರು ಜಿಲ್ಲೆಗಳಿಂದ ಹೊಟ್ಟೆಪಾಡಿಗಾಗಿ ಬಂದ ಕನ್ನಡಿಗರಿಗೂ ಇಂತಹ ಕಾರ್ಯಾಗಾರಗಳಿಗೂ ಇರುವ ನಂಟು ಹಳೆಯದು.

ಊರು ಬೆಳೆದಂತೆ ಒಂದು ತೊಡಕು ಹುಟ್ಟಿತು. ಹಿಂದೆ ಊರ ಹೊರಗಿದ್ದ ಅಜಮಾಬಾದು ಇಂದು ಜನವಸತಿಯ ನಡುವೆ ಇದೆ. ರಾಣಿಗಂಜಿನ ಯಂತ್ರಸಾಮಗ್ರಿಯ ಅಂಗಡಿಗಳ ಆಸುಪಾಸಿನಲ್ಲಾಗಲಿ, ಮುಷೀರಾಬಾದಿನ ಗಲ್ಲಿಗಳಲ್ಲಾಗಲಿ, ಕೆಳಗೆ ಕಾರ್ಯಾಗಾರ, ಮೇಲೆ ಸಂಸಾರ ಎಂಬ ಸ್ಥಿತಿ ಅಪರೂಪವಲ್ಲ. ಮೇಲಿನ ಮನೆಯ ಕೂಸು ಮಲಗಬೇಕು. ಕೆಳಗಿನವನ ಕಂಪ್ರೆಸರು ನಡೆಯಬೇಕು. ನೆರೆಯವರು ದೂರು ಕೊಟ್ಟರೆ ಕಸುಬಿಗೆ ಕುತ್ತು. ಕೊಡದಿದ್ದರೆ ಅವರ ನಿದ್ದೆಗೆ ಕುತ್ತು. ಇವೆರಡಕ್ಕೂ ಮಿಗಿಲಾದ ಮೂರನೆಯ ಹಾನಿಯೊಂದು ಉಂಟು. ಅದನ್ನು ಅನುಭವಿಸುವವನು ದಿನವಿಡೀ ಯಂತ್ರದ ಪಕ್ಕದಲ್ಲಿ ನಿಂತಿರುವ ಕೆಲಸಗಾರ; ಅವನು ಸಾಮಾನ್ಯವಾಗಿ ದೂರು ಕೊಡುವುದಿಲ್ಲ.

ಅತಿಯಾದ ಸದ್ದು ಕಿವಿಯನ್ನು ಕೆಡಿಸುವ ಬಗೆ ವಿಚಿತ್ರವಾದುದು. ಒಳಗಿವಿಯಲ್ಲಿ ಶಬ್ದವನ್ನು ಗ್ರಹಿಸುವ ಸೂಕ್ಷ್ಮವಾದ ರೋಮಕೋಶಗಳಿವೆ. ಒಮ್ಮೆ ನಾಶವಾದರೆ ಅವು ಮನುಷ್ಯನಲ್ಲಿ ಮತ್ತೆ ಬೆಳೆಯುವುದಿಲ್ಲ. ಗದ್ದಲದಿಂದ ಮೊದಲು ಕುಂದುವುದು ಸೆಕೆಂಡಿಗೆ ಸುಮಾರು 4000 ಕಂಪನಗಳುಳ್ಳ ಎತ್ತರದ ಸ್ವರಗಳನ್ನು ಕೇಳುವ ಶಕ್ತಿ. ಮಾತಿನಲ್ಲಿ ಸ್ವರಾಕ್ಷರಗಳ ಬಲವೆಲ್ಲ ತಗ್ಗಿನ ಕಂಪನಗಳಲ್ಲಿದ್ದರೆ, ವ್ಯಂಜನಗಳನ್ನು ಒಂದರಿಂದೊಂದು ಬೇರ್ಪಡಿಸುವ ಗುರುತುಗಳು ಬಹುಮಟ್ಟಿಗೆ ಎತ್ತರದ ಕಂಪನಗಳಲ್ಲಿವೆ. ಆದುದರಿಂದ ಇಂತಹ ಕಿವಿಗೆ ಮಾತು ಕೇಳಿಸುತ್ತದೆ, ಆದರೆ ತಿಳಿಯುವುದಿಲ್ಲ. ‘ಕಾಲು’, ‘ಪಾಲು’, ‘ಸಾಲು’ ಎಂಬ ಮೂರೂ ಅವನಿಗೆ ಒಂದೇ ‘ಆಲು’ ಆಗಿ ಕೇಳಿಸುತ್ತವೆ. ಮನೆಯವರು ಅವನನ್ನು ಅನ್ಯಮನಸ್ಕನೆಂದು ತಿಳಿಯುತ್ತಾರೆ. ಅವನು ಮನೆಯವರು ಗೊಣಗಿ ಮಾತನಾಡುತ್ತಾರೆಂದು ತಿಳಿಯುತ್ತಾನೆ. ಕಿವುಡು ಬಂದಿದೆಯೆಂದು ಇಬ್ಬರಿಗೂ ಗೊತ್ತಾಗುವ ವೇಳೆಗೆ ವರ್ಷಗಳೇ ಕಳೆದಿರುತ್ತವೆ.

ಕಾನೂನಿನ ವಿಚಾರವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. 1948ರ ಕಾರ್ಖಾನೆ ಕಾಯಿದೆಯಲ್ಲಿ ಗದ್ದಲದಿಂದ ಬರುವ ಕಿವುಡನ್ನು ಅಧಿಕಾರಿಗಳಿಗೆ ತಿಳಿಸಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಲಾಗಿತ್ತು. ಆದರೆ ಆ ಕಾಯಿದೆಯು ಅನ್ವಯಿಸುತ್ತಿದ್ದುದು ವಿದ್ಯುತ್ತನ್ನು ಬಳಸುವ, 10 ಅಥವಾ ಹೆಚ್ಚು ಮಂದಿಯಿರುವ ಕಾರ್ಖಾನೆಗಳಿಗೆ. 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿ ಈ ಸಂಖ್ಯೆಯನ್ನು 20ಕ್ಕೆ ಏರಿಸಲಾಗಿದೆ. ನಾಲ್ಕೈದು ಮಂದಿಯ ಕಾರ್ಯಾಗಾರವು ಹಿಂದೆಯೂ ಈ ಬೇಲಿಯ ಹೊರಗಿತ್ತು; ಈಗ ಇನ್ನೂ ದೂರ ಹೊರಗಿದೆ. ನೆರೆಹೊರೆಗೆ ಸಂಬಂಧಿಸಿದುದು 2000ದ ಶಬ್ದಮಾಲಿನ್ಯ ನಿಯಮಗಳು. ಅವುಗಳ ಪ್ರಕಾರ ಕೈಗಾರಿಕಾ ಪ್ರದೇಶದಲ್ಲಿ ಹಗಲು 75, ರಾತ್ರಿ 70 ಡೆಸಿಬಲ್. ವಾಣಿಜ್ಯ ಪ್ರದೇಶದಲ್ಲಿ 65 ಮತ್ತು 55. ವಸತಿ ಪ್ರದೇಶದಲ್ಲಿ 55 ಮತ್ತು 45. ಹಗಲೆಂದರೆ ಬೆಳಿಗ್ಗೆ 6ರಿಂದ ರಾತ್ರಿ 10ರ ವರೆಗೆ. 2011ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಏಳು ಮಹಾನಗರಗಳಲ್ಲಿ ಸದಾಕಾಲವೂ ಸದ್ದನ್ನು ಅಳೆಯುವ ಏರ್ಪಾಡನ್ನು ಕೈಗೊಂಡಾಗ ಹೈದರಾಬಾದೂ ಅವುಗಳಲ್ಲೊಂದಾಗಿತ್ತು. ಅಳತೆಯಿಂದ ಸದ್ದು ತಗ್ಗುವುದಿಲ್ಲವೆಂಬುದು ಬೇರೆ ಮಾತು.

ಡೆಸಿಬಲ್ ಎಂಬ ಈ ಮಾನವು ಸಾಮಾನ್ಯ ಗಣಿತಕ್ಕೆ ಒಗ್ಗದ್ದು. ಅದರ ಸ್ವಭಾವವನ್ನು ಅರಿಯದೆ ಹಣ ವ್ಯಯಮಾಡಿದವರು ಬಹಳ. 90 ಡೆಸಿಬಲಿನ ಎರಡು ಯಂತ್ರಗಳು ಒಟ್ಟಿಗೆ ನಡೆದರೆ 180 ಆಗುವುದಿಲ್ಲ, 93 ಆಗುತ್ತದೆ. ಇದನ್ನೇ ತಿರುಗಿಸಿ ನೋಡಿದರೆ, ಸರಿಸಮವಾದ ಎರಡು ಸದ್ದುಗಳಲ್ಲಿ ಒಂದನ್ನು ಸಂಪೂರ್ಣವಾಗಿ ಅಡಗಿಸಿದರೂ ದೊರೆಯುವ ಲಾಭ ಮೂರೇ ಡೆಸಿಬಲ್. ಕಿವಿಗೆ ‘ಅರ್ಧಕ್ಕೆ ಇಳಿಯಿತು’ ಎನಿಸಬೇಕಾದರೆ ಸುಮಾರು ಹತ್ತು ಡೆಸಿಬಲ್ ತಗ್ಗಬೇಕು. ಒಂದು ಮೂಲ 90, ಇನ್ನೊಂದು 80 ಇದ್ದಾಗ, 80ರದ್ದನ್ನು ಎಷ್ಟು ಮುಚ್ಚಟೆಯಿಂದ ಶಮನಗೊಳಿಸಿದರೂ ಯಾರ ಕಿವಿಗೂ ವ್ಯತ್ಯಾಸ ತಿಳಿಯದು. ಆದಕಾರಣ ಚಿಕಿತ್ಸೆಗಿಂತ ಮೊದಲು ನಿದಾನ ಆಗಬೇಕು.

ಈ ನಿದಾನಕ್ಕೆ ಕನ್ನಡದ ಅನುಕರಣ ಶಬ್ದಗಳೇ ಒಳ್ಳೆಯ ಉಪಕರಣಗಳು. ಕಂಪ್ರೆಸರಿನ ಸದ್ದು ಒಂದೇ ಸದ್ದಲ್ಲ. ‘ಧಡ್ ಧಡ್’ ಎಂದು ಎದೆಗೆ ಬಡಿಯುವುದು ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುವ ಬಾಯಿಯದು. ‘ಟಕಟಕ’ ಎನ್ನುವುದು ತಗಡಿನ ಕವಾಟಗಳದು. ‘ಝಣಝಣ’ ಎನ್ನುವುದು ಸಡಿಲವಾದ ಬೆಲ್ಟಿನ ಜಾಲರಿಯದೋ ಬೋಲ್ಟಿನದೋ ಆಗಿರುತ್ತದೆ. ‘ಗುಂಯ್’ ಎನ್ನುವುದು ಮೋಟಾರಿನ ಬೀಸಣಿಗೆ. ‘ಬುಸ್’ ಎಂಬುದು ಟಂಕಿ ತುಂಬಿ ಮೋಟಾರು ನಿಂತಾಗ ಹೊರಬೀಳುವ ಗಾಳಿ. ಇವಲ್ಲದೆ ನೆಲದ ಮೂಲಕ ಹರಿದು ಪಕ್ಕದ ಮನೆಯ ಗೋಡೆಯಲ್ಲಿ ಹೊರಡುವ ‘ಗುಮ್’ ಎಂಬ ಮೊರೆತವೊಂದು ಉಂಟು; ಅದು ಕಾರ್ಯಾಗಾರದವನಿಗೆ ಕೇಳಿಸುವುದೇ ಇಲ್ಲ. ಕೆಲಸಗಾರರು ಈ ಎಲ್ಲವನ್ನೂ ಒಟ್ಟಾಗಿ ‘ಹವಾ ಮಷೀನಿನ ಸಪ್ಪಳ’ ಎನ್ನುತ್ತಾರೆ. ಗಾಳಿಗೆ ‘ಹವಾ’ ಎನ್ನುವುದು ಹೈದರಾಬಾದಿನ ಉರ್ದುವಿಗೂ ಬಡಗಣ ಕನ್ನಡಕ್ಕೂ ಸಮಾನವಾದ ಬಳಕೆ.

ಇವುಗಳಲ್ಲಿ ಪಿಸ್ಟನ್ ಮಾದರಿಯ ಯಂತ್ರದ ಮಟ್ಟಿಗೆ ಅತ್ಯಂತ ಬಲವಾದುದು ಬಹುತೇಕ ಮೊದಲನೆಯದೇ, ಎಂದರೆ ಒಳಗಾಳಿಯ ಬಾಯಿಯ ಧಡಬಡಿತ. ಇದರ ಕಾರಣ ಸರಳವಾಗಿದೆ. ಪಿಸ್ಟನ್ ಕೆಳಗಿಳಿಯುವಾಗ ಕವಾಟ ತೆರೆದು ಗಾಳಿ ಒಮ್ಮೆಲೆ ಒಳನುಗ್ಗುತ್ತದೆ. ಮೇಲೇರುವಾಗ ಕವಾಟ ಮುಚ್ಚಿ ಆ ಪ್ರವಾಹ ಥಟ್ಟನೆ ನಿಲ್ಲುತ್ತದೆ. ಹೀಗೆ ತಡೆತಡೆದು ನಡೆಯುವ ಗಾಳಿಯೇ ಶಬ್ದ. ವೇಣುವಾದನದಲ್ಲಿಯೂ ಮೂಲತಃ ನಡೆಯುವುದು ಗಾಳಿಯ ಇಂತಹದೇ ಮಿಡಿತ, ಮಾಧುರ್ಯವೊಂದು ಬಿಟ್ಟು. ಒಂದು ಯಂತ್ರವು ನಿಮಿಷಕ್ಕೆ 900 ಸುತ್ತು ತಿರುಗುತ್ತದೆ, ಅದರಲ್ಲಿ ಹೊರಗಿನ ಗಾಳಿಯನ್ನು ಸರದಿಯ ಮೇಲೆ ಎಳೆಯುವ ಎರಡು ಸಿಲಿಂಡರುಗಳಿವೆ ಎಂದು ಇಟ್ಟುಕೊಳ್ಳಬಹುದು. ಸೆಕೆಂಡಿಗೆ 15 ಸುತ್ತು, ಸುತ್ತಿಗೆ ಎರಡು ಗುಕ್ಕು. ಒಟ್ಟು ಸೆಕೆಂಡಿಗೆ 30 ಬಡಿತ. ಇದು ಮೂಲಸ್ವರ. ಇದರ ಮೇಲೆ 60, 90, 120 ಹೀಗೆ ಅದರ ಗುಣಕಗಳೂ ಸೇರಿರುತ್ತವೆ. ಗಾಳಿಯ ಉಷ್ಣತೆ 30 ಡಿಗ್ರಿ ಇರುವಾಗ ಶಬ್ದದ ವೇಗ ಸೆಕೆಂಡಿಗೆ ಸುಮಾರು 349 ಮೀಟರ್. ಅದನ್ನು 30ರಿಂದ ಭಾಗಿಸಿದರೆ ಅಲೆಯ ಉದ್ದ ದೊರೆಯುತ್ತದೆ: 11.6 ಮೀಟರ್. ಎಂದರೆ ಈ ಒಂದೇ ಅಲೆಯು ಇಡೀ ಕಾರ್ಯಾಗಾರಕ್ಕಿಂತ ಉದ್ದವಾಗಿರಬಹುದು.

ಈ ಒಂದು ಸಂಖ್ಯೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಜನರು ಸಾಧಾರಣವಾಗಿ ಮಾಡುವ ಉಪಾಯಗಳು ಏಕೆ ವಿಫಲವಾಗುತ್ತವೆ ಎಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ. ಗೋಡೆಗೆ ಥರ್ಮಕೋಲ್ ಅಂಟಿಸುವವರುಂಟು. ಮೊಟ್ಟೆಯ ತಟ್ಟೆಗಳನ್ನು ಹೊಡೆಯುವವರುಂಟು. ಒಂದಂಗುಲದ ಸ್ಪಂಜನ್ನು ತಂದು ಯಂತ್ರದ ಸುತ್ತ ಸುತ್ತುವವರುಂಟು. ಥರ್ಮಕೋಲಿನ ರಂಧ್ರಗಳು ಒಂದಕ್ಕೊಂದು ತೆರೆದಿಲ್ಲ. ಅದರೊಳಗೆ ಶಬ್ದ ಹೊಕ್ಕು ಸವೆಯುವುದಿಲ್ಲ. ಸ್ಪಂಜಿನ ರಂಧ್ರಗಳು ತೆರೆದಿವೆ, ನಿಜ. ಆದರೆ ಶಬ್ದವನ್ನು ಹೀರುವ ವಸ್ತುವಿನ ದಪ್ಪವು ಅಲೆಯ ಉದ್ದದೊಡನೆ ಸ್ವಲ್ಪವಾದರೂ ಹೋಲುವಂತಿರಬೇಕು. ಹನ್ನೊಂದು ಮೀಟರಿನ ಅಲೆಗೆ ಒಂದಂಗುಲದ ಸ್ಪಂಜು ಆನೆಯ ಮುಂದೆ ಕಟ್ಟಿದ ಹೂಮಾಲೆಯಂತೆ. ಕವಾಟದ ಟಕಟಕ ಸ್ವಲ್ಪ ಮೃದುವಾದೀತು. ಧಡಬಡಿತ ಹಾಗೆಯೇ ಉಳಿಯುತ್ತದೆ. ಅದೂ ಅಲ್ಲದೆ ಎಣ್ಣೆಯೂ ವಿದ್ಯುತ್ತೂ ಬಿಸಿಯೂ ಕೂಡಿರುವ ಜಾಗದಲ್ಲಿ ಸಾಧಾರಣ ಸ್ಪಂಜು ಬೆಂಕಿಗೆ ಆಹ್ವಾನ. ಅದು ಉರಿದಾಗ ಹೊರಡುವ ಹೊಗೆ ಪ್ರಾಣಾಂತಕವಾದುದು. ಈ ಕಾರಣಕ್ಕಾಗಿಯೇ ಅದನ್ನು ಖಂಡಿತವಾಗಿ ವರ್ಜಿಸತಕ್ಕದ್ದು.

ಹಾಗಾದರೆ ಧಡಬಡಿತಕ್ಕೆ ಮದ್ದೇನು? ಬಾಯಿಗೇ ಒಂದು ಶಬ್ದಶಾಮಕವನ್ನು ತೊಡಿಸುವುದು. ಅದರ ಅತ್ಯಂತ ಸರಳ ರೂಪವೆಂದರೆ ಒಂದು ಉಬ್ಬುಡಬ್ಬಿ: ಕಿರಿದಾದ ಕೊಳವೆ ಒಮ್ಮೆಲೆ ಅಗಲವಾದ ಡಬ್ಬಿಯಾಗಿ, ಮತ್ತೆ ಕಿರಿದಾಗಿ ಹೊರಬರುವುದು. ಅಗಲ ಒಮ್ಮೆಲೆ ಬದಲಾದಲ್ಲಿ ಅಲೆಯ ಒಂದಂಶ ಹಿಂದಕ್ಕೆ ಪುಟಿಯುತ್ತದೆ. ಹೊರಬಾಯಿಗೆ ತಲುಪುವುದು ಉಳಿದ ಅಂಶ ಮಾತ್ರ. ಡಬ್ಬಿಯ ವ್ಯಾಸವು ಕೊಳವೆಯ ನಾಲ್ಕು ಪಟ್ಟು, ಎಂದರೆ ಅಡ್ಡಕೊಯ್ತದ ವಿಸ್ತಾರ ಹದಿನಾರು ಪಟ್ಟು, ಉದ್ದ 60 ಸೆಂಟಿಮೀಟರ್ ಇದ್ದರೆ, ಲೆಕ್ಕದ ಪ್ರಕಾರ ಸೆಕೆಂಡಿಗೆ 30 ಬಡಿತದ ಮೂಲಸ್ವರವು ಎಂಟೊಂಬತ್ತು ಡೆಸಿಬಲ್ ತಗ್ಗುತ್ತದೆ. 60ರ ಸ್ವರ ಸುಮಾರು 14, 120ರ ಸ್ವರ ಸುಮಾರು 18 ಡೆಸಿಬಲ್ ತಗ್ಗುತ್ತವೆ. ಸುಮಾರು 290ರ ಬಳಿ ಮಾತ್ರ ಡಬ್ಬಿಯ ಉದ್ದವು ಅಲೆಯ ಅರ್ಧಕ್ಕೆ ಸಮನಾಗಿ, ಶಬ್ದ ಅಡೆತಡೆಯಿಲ್ಲದೆ ಹಾದುಹೋಗುತ್ತದೆ. ಆದುದರಿಂದಲೇ ಬಲ್ಲವರು ಬೇರೆ ಬೇರೆ ಉದ್ದದ ಎರಡು ಕೋಣೆಗಳನ್ನು ಒಂದರ ಹಿಂದೊಂದು ಇಡುತ್ತಾರೆ. ಒಂದು ಬಿಟ್ಟುದನ್ನು ಇನ್ನೊಂದು ಹಿಡಿಯುತ್ತದೆ. ತಗಡಿನ ಕೆಲಸ ಬಲ್ಲ ಯಾವ ಕುಶಲಕರ್ಮಿಯೂ ಇಂತಹ ಡಬ್ಬಿಯನ್ನು ಒಂದು ದಿನದಲ್ಲಿ ಬೆಸೆದುಕೊಡಬಲ್ಲನು. ತಗಡು ಮಾತ್ರ ತೀರ ತೆಳುವಾಗಿರಬಾರದು. ತೆಳುವಾದರೆ ಡಬ್ಬಿಯೇ ತಮಟೆಯಾಗುತ್ತದೆ. ಗಾಳಿಯ ಶೋಧಕವನ್ನು ಡಬ್ಬಿಯ ಹೊರತುದಿಗೆ ಅಳವಡಿಸುವುದು ಲೇಸು. ಡಬ್ಬಿಯೊಳಗೆ ತುಕ್ಕಿನ ಪುಡಿ ಉಳಿಯದಂತೆ ಚೊಕ್ಕಟ ಮಾಡಿ ಬಣ್ಣ ಬಳಿಯದಿದ್ದರೆ, ಆ ಪುಡಿ ಸಿಲಿಂಡರಿಗೆ ಹೋಗಿ ಸದ್ದಿಗಿಂತ ದೊಡ್ಡ ಕೇಡನ್ನು ಮಾಡೀತು.

ಇನ್ನೊಂದು ದಾರಿ, ಒಳಗಾಳಿಯ ಬಾಯಿಯನ್ನು ಕೊಳವೆಯ ಮೂಲಕ ಗೋಡೆಯಾಚೆ, ಯಾರೂ ಇಲ್ಲದ ಕಡೆಗೆ ಒಯ್ಯುವುದು. ಇದರಿಂದ ಒಳಗಿನವರಿಗೆ ನೆಮ್ಮದಿ; ಹೊರಗಿನ ತಂಪುಗಾಳಿ ದೊರೆಯುವುದರಿಂದ ವಿದ್ಯುತ್ತಿನಲ್ಲಿಯೂ ಉಳಿತಾಯ. ಒಳಗೆಳೆಯುವ ಗಾಳಿಯ ಬಿಸಿ ನಾಲ್ಕು ಡಿಗ್ರಿ ಏರಿದರೆ ವಿದ್ಯುತ್ತಿನ ವೆಚ್ಚ ಸುಮಾರು ನೂರಕ್ಕೆ ಒಂದರಷ್ಟು ಏರುತ್ತದೆಯೆಂಬುದು ಈ ಕಸುಬಿನಲ್ಲಿ ರೂಢಿಯಲ್ಲಿರುವ ಲೆಕ್ಕ. ಆದರೆ ಈ ಕೊಳವೆಯ ಉದ್ದವನ್ನು ಮನಸ್ಸಿಗೆ ಬಂದಂತೆ ಇಡಲಾಗದು. ಒಂದು ತುದಿ ಮುಚ್ಚಿ, ಇನ್ನೊಂದು ತುದಿ ತೆರೆದ ಕೊಳವೆಗೆ ತನ್ನದೇ ಆದ ಸ್ವರವುಂಟು. ಅದರ ಉದ್ದವು ಅಲೆಯ ಕಾಲುಭಾಗಕ್ಕೆ ಸಮನಾದಾಗ ಅದು ಅನುರಣಿಸುತ್ತದೆ. ಮೇಲಿನ ಉದಾಹರಣೆಯಲ್ಲಿ ಆ ಕಾಲುಭಾಗ 2.9 ಮೀಟರ್. ದುರದೃಷ್ಟವಶಾತ್, ಯಂತ್ರದಿಂದ ಗೋಡೆಯಾಚೆಗೆ ಒಯ್ಯಲು ಸಾಮಾನ್ಯವಾಗಿ ಬೇಕಾಗುವ ಉದ್ದವೂ ಹೆಚ್ಚುಕಡಿಮೆ ಅಷ್ಟೆ! ಅಂತಹ ಕೊಳವೆಯನ್ನು ಜೋಡಿಸಿದವನಿಗೆ ಸದ್ದು ತಗ್ಗುವ ಬದಲು ಹೆಚ್ಚಿದುದು ಕಾಣುತ್ತದೆ. ಕವಾಟಗಳೂ ಬೇಗ ಮುರಿಯುತ್ತವೆ. ಕಾರಣ ತಿಳಿಯದೆ ಅವನು ಯಂತ್ರವನ್ನು ಹಳಿಯುತ್ತಾನೆ. ಅದೇ ಕೊಳವೆಯಿಂದ ಒಂದು ಮೀಟರನ್ನು ಕಡಿದರೆ ಅಥವಾ ಯಂತ್ರದ ಹತ್ತಿರವೇ ಉಬ್ಬುಡಬ್ಬಿಯನ್ನಿಟ್ಟು ಅಲ್ಲಿಂದ ಕೊಳವೆಯನ್ನು ಒಯ್ದರೆ ಕಾಟ ತಪ್ಪುತ್ತದೆ. ಯಾವ ಯಂತ್ರಕ್ಕೆ ಎಷ್ಟು ಉದ್ದ ವರ್ಜ್ಯವೆಂಬುದನ್ನು ಅದರ ಸುತ್ತಿನ ಸಂಖ್ಯೆಯಿಂದ ಯಾರಾದರೂ ಎಣಿಸಿಕೊಳ್ಳಬಹುದು.

ಎರಡನೆಯ ಮುಖ್ಯ ವಿಷಯ ನೆಲದ ಅದುರು. ನೆರೆಯವರ ತಕರಾರಿಗೆ ಮೂಲವಾಗುವುದು ಹಲವು ಸಲ ಇದೇ. ಇಲ್ಲಿ ಒಂದು ಸ್ವಾರಸ್ಯವಿದೆ. ಸದ್ದನ್ನು ಅಳೆಯುವ ಯಂತ್ರಗಳನ್ನು ಮನುಷ್ಯನ ಕಿವಿಯ ಸ್ವಭಾವಕ್ಕೆ ಹೊಂದಿಸಿರುತ್ತಾರೆ. ಸೆಕೆಂಡಿಗೆ 30 ಕಂಪನಗಳ ಆಸುಪಾಸಿನ ಶಬ್ದವನ್ನು ಅವು ಸುಮಾರು 40 ಡೆಸಿಬಲಿನಷ್ಟು ಕಡಿಮೆ ಮಾಡಿ ತೋರಿಸುತ್ತವೆ. ಅಧಿಕಾರಿ ಬಂದು ಅಳೆದಾಗ ಮುಳ್ಳು ಮಿತಿಯೊಳಗೇ ಇರುತ್ತದೆ. ಮೇಲಿನ ಮನೆಯಲ್ಲಿ ಪಾತ್ರೆಗಳು ಮಾತ್ರ ಕಪಾಟಿನಲ್ಲಿ ಗಲಗುಟ್ಟುತ್ತಿರುತ್ತವೆ. ದೂರಿತ್ತವನು ಸುಳ್ಳುಗಾರನಲ್ಲ, ಯಂತ್ರವೂ ಸುಳ್ಳು ಹೇಳುತ್ತಿಲ್ಲ.

ಅದುರನ್ನು ತಡೆಯಲು ಕಾರ್ಯಾಗಾರದವರು ಹಳೆಯ ಟಯರಿನ ತುಂಡುಗಳನ್ನು ಕಾಲುಗಳ ಕೆಳಗಿಡುವುದು ವಾಡಿಕೆ. ಇದರ ಗುಣದೋಷಗಳನ್ನು ಸ್ವಲ್ಪ ವಿಚಾರಮಾಡಬೇಕು. ಮೆತ್ತನೆಯ ಆಧಾರದ ಮೇಲೆ ಕುಳಿತ ಭಾರಕ್ಕೆ ತನ್ನದೇ ಆದ ತೂಗುವ ಲಯವೊಂದಿರುತ್ತದೆ. ಆ ಲಯವು ಆಧಾರವು ಭಾರದಿಂದ ಎಷ್ಟು ಕುಸಿಯುತ್ತದೆ ಎಂಬುದನ್ನೇ ಅವಲಂಬಿಸಿದೆ: ಒಂದು ಸೆಂಟಿಮೀಟರ್ ಕುಸಿದರೆ ಸೆಕೆಂಡಿಗೆ ಸುಮಾರು 5 ತೂಗು, ಎರಡು ಮಿಲಿಮೀಟರ್ ಕುಸಿದರೆ ಸುಮಾರು 11, ಒಂದೇ ಮಿಲಿಮೀಟರ್ ಕುಸಿದರೆ ಸುಮಾರು 16. ಯಂತ್ರದ ಸುತ್ತುವಿಕೆಯ ಸಂಖ್ಯೆಯು ಈ ಸ್ವಂತ ಲಯದ ಒಂದೂವರೆ ಪಟ್ಟಿಗಿಂತ ಮೇಲಿದ್ದರೆ ಮಾತ್ರ ಅದುರು ನೆಲಕ್ಕೆ ಇಳಿಯದೆ ಉಳಿಯುತ್ತದೆ; ಮೂರು ಪಟ್ಟು ಇದ್ದರೆ ಉತ್ತಮ. ಎರಡೂ ಹತ್ತಿರ ಹತ್ತಿರ ಬಂದರೆ, ಜೋಕಾಲಿಯನ್ನು ಅದರ ಲಯಕ್ಕೆ ಸರಿಯಾಗಿ ನೂಕಿದಂತೆ, ಅದುರು ಹಲವು ಪಟ್ಟು ಬೆಳೆಯುತ್ತದೆ. ಗಟ್ಟಿಯಾದ ಟಯರಿನ ತುಂಡು ಯಂತ್ರದ ಭಾರಕ್ಕೆ ಕುಸಿಯುವುದು ಒಂದೆರಡು ಮಿಲಿಮೀಟರ್. ಅದರ ಲಯ 11ರಿಂದ 16. ಯಂತ್ರದ ಸುತ್ತು ಸೆಕೆಂಡಿಗೆ 15. ಎಂದರೆ ಅದುರನ್ನು ತಗ್ಗಿಸಲೆಂದು ಇಟ್ಟ ಟಯರು ಅದುರನ್ನು ಬೆಳೆಸುವ ಸ್ಥಾನದಲ್ಲಿ ನಿಖರವಾಗಿ ಕುಳಿತಿರುತ್ತದೆ. ಕಟಕಟ ಎನ್ನುವ ಸಣ್ಣ ಸದ್ದುಗಳನ್ನು ಅದು ತಡೆಯುತ್ತದೆಂಬುದು ನಿಜ. ಆ ಸಣ್ಣ ಲಾಭವನ್ನು ಕಂಡು ದೊಡ್ಡ ನಷ್ಟವನ್ನು ಮರೆಯುತ್ತಾರೆ.

ಸರಿಯಾದ ಕ್ರಮವೆಂದರೆ ಯಂತ್ರದ ಭಾರಕ್ಕೆ ಒಂದು ಸೆಂಟಿಮೀಟರಿನಷ್ಟು ಕುಸಿಯುವ ಉಕ್ಕಿನ ಸ್ಪ್ರಿಂಗುಗಳನ್ನೋ ಅದಕ್ಕೆಂದೇ ತಯಾರಿಸಿದ ರಬ್ಬರಿನ ಆಧಾರಗಳನ್ನೋ ಬಳಸುವುದು. ಹಾಗೆ ಮಾಡಿದಾಗ ಯಂತ್ರವೇ ಅತಿಯಾಗಿ ಓಲಾಡತೊಡಗುತ್ತದೆ. ಅದಕ್ಕಾಗಿ ಯಂತ್ರವನ್ನು ಮೊದಲು ಭಾರವಾದ ಕಾಂಕ್ರೀಟಿನ ಹಲಗೆಗೆ ಬಿಗಿದು, ಆ ಹಲಗೆಯನ್ನು ಸ್ಪ್ರಿಂಗುಗಳ ಮೇಲೆ ಕೂರಿಸಬೇಕು. ಅಷ್ಟು ಮಾಡಿ ಗಾಳಿಯ ಕೊಳವೆಯನ್ನು ಮಾತ್ರ ಗಟ್ಟಿ ಕಬ್ಬಿಣದಲ್ಲಿಯೇ ಗೋಡೆಗೆ ಬಿಗಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಅದುರು ಕೊಳವೆಯನ್ನೇ ಸೇತುವೆ ಮಾಡಿಕೊಂಡು ಗೋಡೆಗೆ ದಾಟುತ್ತದೆ. ಟಂಕಿಯಿಂದ ಹೊರಡುವಲ್ಲಿ ಒಂದು ಮೊಳ ಬಾಗುವ ಒತ್ತಡದ ರಬ್ಬರ್ ಕೊಳವೆ ಇರಲೇಬೇಕು.

ಮೂರನೆಯದು ಯಂತ್ರವನ್ನು ಗೂಡಿನಲ್ಲಿಟ್ಟು ಮುಚ್ಚುವುದು. ಶಬ್ದವನ್ನು ತಡೆಯುವುದು ಭಾರ, ಮೆತ್ತಗಿರುವುದಲ್ಲ. ಗೋಡೆಯ ಭಾರ ಇಮ್ಮಡಿಯಾದರೆ ತಡೆ ಐದಾರು ಡೆಸಿಬಲ್ ಹೆಚ್ಚುತ್ತದೆ. ಚದರ ಮೀಟರಿಗೆ ಹನ್ನೆರಡು ಕಿಲೋ ತೂಗುವ ಪ್ಲೈವುಡ್ಡಿನ ಅಥವಾ ತಗಡಿನ ಪೆಟ್ಟಿಗೆ ಮಧ್ಯಮ ಸ್ವರಗಳನ್ನು ಲೆಕ್ಕದ ಪ್ರಕಾರ ಮೂವತ್ತು ಡೆಸಿಬಲಿನಷ್ಟು ತಡೆಯಬಲ್ಲುದು; 30 ಕಂಪನಗಳ ಧಡಬಡಿತಕ್ಕೆ ಅದರ ತಡೆ ನಾಲ್ಕೈದು ಡೆಸಿಬಲ್ ಮಾತ್ರ. ಅರ್ಧ ಇಟ್ಟಿಗೆಯ ಗಿಲಾವು ಮಾಡಿದ ಗೋಡೆ ಚದರ ಮೀಟರಿಗೆ ಇನ್ನೂರು ಕಿಲೋ ತೂಗುತ್ತದೆ. ಅದು ಧಡಬಡಿತವನ್ನೂ ಗಣನೀಯವಾಗಿ ತಡೆಯುತ್ತದೆ. ಆದಕಾರಣ ಜಾಗವಿದ್ದಲ್ಲಿ ಮೆಟ್ಟಿಲ ಕೆಳಗೋ ಹಿತ್ತಿಲ ಮೂಲೆಯಲ್ಲೋ ಇಟ್ಟಿಗೆಯ ಪುಟ್ಟ ಕೋಣೆಯೇ ಎಲ್ಲಕ್ಕಿಂತ ಮೇಲು. ಗೋಡೆ ಎಷ್ಟೇ ಒಳ್ಳೆಯದಾಗಿರಲಿ, ನೂರರಲ್ಲಿ ಒಂದು ಪಾಲು ಸಂದು ಬಿಟ್ಟರೆ ಒಟ್ಟು ತಡೆ 20 ಡೆಸಿಬಲಿಗಿಂತ ಮೇಲೇರದು. ಬಾಗಿಲ ಕೆಳಗಿನ ಸಂದಿ, ತಂತಿ ಹಾಯಿಸಲು ಕೊರೆದ ತೂತು—ಇವುಗಳನ್ನು ಮುಚ್ಚದೆ ಗೋಡೆಯನ್ನು ದಪ್ಪ ಮಾಡುವುದು ಹರಿದ ಚೀಲಕ್ಕೆ ಧಾನ್ಯ ಸುರಿದಂತೆ.

ಹಾಗೆಂದು ಎಲ್ಲ ಸಂದುಗಳನ್ನೂ ಮುಚ್ಚಿದರೆ? ಇಲ್ಲಿಯೇ ಹೈದರಾಬಾದಿನ ಬೇಸಗೆ ನಡುವೆ ಬರುತ್ತದೆ. ಕಂಪ್ರೆಸರು ಸೇವಿಸುವ ವಿದ್ಯುತ್ತೆಲ್ಲ ಬಹುಮಟ್ಟಿಗೆ ಬಿಸಿಯಾಗಿಯೇ ಹೊರಬರುತ್ತದೆ. ಐದು ಕುದುರೆ ಬಲದ ಯಂತ್ರವೆಂದರೆ ಸುಮಾರು 3.7 ಕಿಲೋವಾಟ್, ಮುಚ್ಚಿದ ಕೋಣೆಯಲ್ಲಿ ಅಡುಗೆಮನೆಯ ಎರಡು ವಿದ್ಯುತ್ ಒಲೆಗಳನ್ನು ಸತತವಾಗಿ ಉರಿಸಿದಂತೆ. ಮೇ ತಿಂಗಳಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿ ಇರುವ ಊರಿನಲ್ಲಿ ಇಂತಹ ಗೂಡಿನೊಳಗೆ ಎಣ್ಣೆ ತೆಳುವಾಗಿ, ಕವಾಟಗಳ ಮೇಲೆ ಮಸಿ ಕಟ್ಟಿ, ಮೋಟಾರಿನ ಸುರುಳಿ ಸುಡುವುದರಲ್ಲಿ ಆಶ್ಚರ್ಯವಿಲ್ಲ. ಪಶ್ಚಿಮದ ಚಳಿದೇಶಗಳ ಪುಸ್ತಕಗಳನ್ನು ನೋಡಿ ಪೆಟ್ಟಿಗೆ ಮಾಡಿಸುವವರು ಈ ಅಂಶವನ್ನು ಗಮನಿಸುವುದಿಲ್ಲ. ಕೋಣೆಯ ಗಾಳಿ ಹೊರಗಿನದಕ್ಕಿಂತ ಹತ್ತು ಡಿಗ್ರಿಗಿಂತ ಹೆಚ್ಚು ಬಿಸಿಯಾಗಬಾರದೆಂದರೆ ನಿಮಿಷಕ್ಕೆ ಸುಮಾರು 20 ಘನ ಮೀಟರ್ ಗಾಳಿ ಅದರ ಮೂಲಕ ಹಾಯಬೇಕು. ಇದಕ್ಕೆ ಒಂದು ಬೀಸಣಿಗೆಯೂ, ಗಾಳಿಯ ವೇಗವನ್ನು ಸೆಕೆಂಡಿಗೆ ಮೂರು ಮೀಟರಿಗೆ ಮಿತಿಗೊಳಿಸಿದರೆ 35 ಸೆಂಟಿಮೀಟರ್ ಚೌಕದ ಎರಡು ಕಂಡಿಗಳೂ ಬೇಕಾಗುತ್ತವೆ. ಗಾಳಿ ಹೋಗುವ ಕಂಡಿಯಲ್ಲಿ ಸದ್ದೂ ಹೋಗುತ್ತದೆ. ಆದುದರಿಂದ ಪ್ರತಿಯೊಂದು ಕಂಡಿಗೂ ಎರಡು ಕಡೆ ತಿರುವುಳ್ಳ, ಒಳಮೈಗೆ 50 ಮಿಲಿಮೀಟರ್ ದಪ್ಪದ ಕಲ್ಲುಣ್ಣೆಯನ್ನು ಹೊದಿಸಿ ತೂತುತಗಡಿನಿಂದ ಮುಚ್ಚಿದ ಸುರಂಗವೊಂದನ್ನು ಜೋಡಿಸಬೇಕು. ಗಾಳಿ ತಿರುವಿನಲ್ಲಿ ಬಾಗಿ ಹೋಗುತ್ತದೆ. ಎತ್ತರದ ಸ್ವರಗಳು ಮೈಗೆ ಬಡಿದು ಬಡಿದು ಕಲ್ಲುಣ್ಣೆಯಲ್ಲಿ ಸವೆಯುತ್ತವೆ. ತಗ್ಗಿನ ಧಡಬಡಿತವನ್ನು ಈ ಸುರಂಗವೂ ಹಿಡಿಯಲಾರದು. ಅದಕ್ಕಾಗಿಯೇ ಒಳಗಾಳಿಯ ಉಬ್ಬುಡಬ್ಬಿಯನ್ನು ಮೊದಲೇ ಕೂರಿಸಿರಬೇಕಾದುದು. ಕೋಣೆಯ ಒಳಗೋಡೆಗಳಿಗೂ ಕಲ್ಲುಣ್ಣೆ ಬೇಕು; ಇಲ್ಲವಾದರೆ ಒಳಗೆ ಸದ್ದು ಪುಟಿದು ಪುಟಿದು ಬೆಳೆಯುತ್ತದೆ.

ಯಂತ್ರವನ್ನು ತಾರಸಿಗೆ ಸಾಗಿಸುವುದು ಈ ಊರಿನಲ್ಲಿ ಕಾಣಬರುವ ಇನ್ನೊಂದು ಪದ್ಧತಿ. ಗಾಳಿಯೂ ಬಯಲೂ ಅಲ್ಲಿ ಧಾರಾಳವಾಗಿವೆ, ನಿಜ. ಆದರೆ ನಾಲ್ಕು ಗೋಡೆಗಳ ಮೇಲೆ ಹಾಸಿದ ಕಾಂಕ್ರೀಟಿನ ಚಪ್ಪಡಿಯು ಮದ್ದಳೆಯ ಚರ್ಮದಂತೆಯೇ. ನಟ್ಟನಡುವೆ ಬಡಿದರೆ ಹೆಚ್ಚು ಮೊಳಗುತ್ತದೆ. ಅನಿವಾರ್ಯವಾದರೆ ಯಂತ್ರವನ್ನು ಕಂಬದ ನೆತ್ತಿಯ ಮೇಲೆ ಅಥವಾ ಗೋಡೆಯ ಗೆರೆಯ ಮೇಲೆ ಸ್ಪ್ರಿಂಗುಗಳೊಡನೆ ಕೂರಿಸಬೇಕು. ಬಿಸಿಲಿಗೂ ಮಳೆಗೂ ಮಾಡು ಬೇಕು.

ಇದೆಲ್ಲದರ ನಡುವೆ ಜನ ಮರೆಯುವ ಸಂಗತಿಯೊಂದುಂಟು: ನಿಂತಿರುವ ಯಂತ್ರವು ಸದ್ದು ಮಾಡುವುದಿಲ್ಲ. ಯಂತ್ರ ಬಿಡುವಿಲ್ಲದೆ ನಡೆಯಲು ಹಲವೆಡೆ ಕಾರಣ ಕೆಲಸದ ಹೊರೆಯಲ್ಲ, ಗಾಳಿಯ ಸೋರಿಕೆ. ಏಳು ವಾಯುಭಾರದ ಒತ್ತಡದಲ್ಲಿ ಮೂರು ಮಿಲಿಮೀಟರಿನ ಒಂದು ತೂತು ನಿಮಿಷಕ್ಕೆ ಅರ್ಧ ಘನ ಮೀಟರಿಗೂ ಮಿಗಿಲಾದ ಗಾಳಿಯನ್ನು ಚೆಲ್ಲುತ್ತದೆ. ಐದು ಕುದುರೆ ಬಲದ ಯಂತ್ರ ಒತ್ತಿಕೊಡುವ ಗಾಳಿ ಹೆಚ್ಚುಕಡಿಮೆ ಅಷ್ಟೇ! ಸಮುದ್ರಮಟ್ಟದಿಂದ ಐನೂರು ಮೀಟರಿಗೂ ಎತ್ತರದಲ್ಲಿರುವ ಹೈದರಾಬಾದಿನ ಗಾಳಿ ಸ್ವಲ್ಪ ತೆಳುವಾಗಿರುವುದರಿಂದ ಯಂತ್ರವು ಇಲ್ಲಿ ಮೊದಲೇ ನೂರಕ್ಕೆ ಐದಾರು ಪಾಲು ಹೆಚ್ಚು ದುಡಿಯಬೇಕಾಗಿದೆ. ಸಂಜೆ ಕೆಲಸ ನಿಲ್ಲಿಸಿದ ಮೇಲೆ ಟಂಕಿಯನ್ನು ತುಂಬಿಸಿ, ಮೋಟಾರನ್ನು ಆರಿಸಿ, ಒತ್ತಡದ ಮುಳ್ಳನ್ನು ಗುರುತುಮಾಡಿ ಅರ್ಧ ಗಂಟೆ ಬಿಟ್ಟು ನೋಡಿದರೆ ಸೋರಿಕೆಯ ಪ್ರಮಾಣ ತಿಳಿಯುತ್ತದೆ. ಸಾಬೂನಿನ ನೀರನ್ನು ಕೀಲುಗಳಿಗೆ ಬಳಿದರೆ ಸ್ಥಾನ ತಿಳಿಯುತ್ತದೆ. ಖರ್ಚಿಲ್ಲದ ಈ ಪರೀಕ್ಷೆಯಿಂದ ಯಂತ್ರ ನಡೆಯುವ ಹೊತ್ತು ಅರ್ಧಕ್ಕಿಳಿದರೆ ಅದಕ್ಕಿಂತ ಮೇಲಾದ ಶಬ್ದಶಾಮಕ ಯಾವುದಿದೆ?

ಧೂಳು ಊದುವ ‘ಹವಾ ಗನ್ನಿ’ನ ಮಾತೂ ಇದೇ. ಬರಿಯ ಕೊಳವೆಯ ತುದಿಯಿಂದ ಪೂರ್ಣ ಒತ್ತಡದಲ್ಲಿ ಹೊರಬೀಳುವ ಗಾಳಿಯ ಸೀಟಿ ಹಲವು ಸಲ ಕಂಪ್ರೆಸರಿಗಿಂತ ಕಠೋರವಾಗಿರುತ್ತದೆ. ಅದೂ ಕಿವಿಗೆ ಅತ್ಯಂತ ಅಪಾಯಕರವಾದ ಎತ್ತರದ ಸ್ವರಗಳಲ್ಲಿ, ಕೆಲಸಗಾರನ ಮುಖದಿಂದ ಒಂದು ಮೊಳ ದೂರದಲ್ಲಿ. ಒತ್ತಡವನ್ನು ಇಳಿಸುವುದು, ಹಲವು ಸಣ್ಣ ರಂಧ್ರಗಳುಳ್ಳ ಮೂತಿಯನ್ನು ತೊಡಿಸುವುದು, ಸಾಧ್ಯವಾದಲ್ಲಿ ಕುಂಚವನ್ನೇ ಬಳಸುವುದು—ಇವು ಇದಕ್ಕೆ ಮದ್ದು. ಕಂಪ್ರೆಸರನ್ನು ಇಟ್ಟಿಗೆಯ ಕೋಣೆಗೆ ಹಾಕಿ ಈ ಸೀಟಿಯನ್ನು ಹಾಗೆಯೇ ಬಿಟ್ಟ ಕಾರ್ಯಾಗಾರದಲ್ಲಿ ನೆರೆಯವನು ಉಳಿದನು, ಕೆಲಸಗಾರ ಉಳಿಯಲಿಲ್ಲ. ಕಿವಿಗೆ ತುರುಕುವ ಬಿರಡೆಗಳನ್ನು ಕೊಟ್ಟು ಕೈತೊಳೆದುಕೊಳ್ಳುವುದು ಬೇರೇನೂ ಸಾಧ್ಯವಿಲ್ಲದಾಗ ಮಾತ್ರ. ಸೆಖೆಯಲ್ಲಿ ಬೆವರುವ ಕಿವಿಯಲ್ಲಿ ಅವು ಗಂಟೆಗಟ್ಟಲೆ ನಿಲ್ಲುವುದಿಲ್ಲ.

ಹೊಸ ಯಂತ್ರವನ್ನೇ ಕೊಳ್ಳುವ ಅನುಕೂಲವಿದ್ದವರಿಗೆ ತಿರುಪಿನ ಮಾದರಿಯ ಕಂಪ್ರೆಸರು ಇದೆ. ಎರಡು ತಿರುಪುಗಳು ಒಂದರೊಡನೊಂದು ಹೆಣೆದುಕೊಂಡು ತಿರುಗಿ ಗಾಳಿಯನ್ನು ಎಡೆಬಿಡದೆ ಒತ್ತುವುದರಿಂದ ಅದರಲ್ಲಿ ಧಡಬಡಿತವಿಲ್ಲ; ಗೂಡಿನೊಡನೆಯೇ ಮಾರಾಟವಾಗುವ ಇಂತಹ ಸಣ್ಣ ಯಂತ್ರಗಳ ಸದ್ದು 65ರಿಂದ 70 ಡೆಸಿಬಲಿನ ಆಸುಪಾಸಿನಲ್ಲಿರುತ್ತದೆ. ಬೆಲೆ ಹೆಚ್ಚು, ದುರಸ್ತಿ ಗಲ್ಲಿಯ ಮೇಸ್ತ್ರಿಗೆ ಸುಲಭವಾಗಿ ದಕ್ಕುವಂತಹುದಲ್ಲ. ದಿನಕ್ಕೆ ಒಂದೆರಡು ಗಂಟೆ ಮಾತ್ರ ಗಾಳಿ ಬೇಕಾದವನು ಅದಕ್ಕೆ ಹಣ ಹಾಕುವುದಕ್ಕಿಂತ ಮೊದಲು ಸೋರಿಕೆಯನ್ನು ನಿಲ್ಲಿಸಿ, ಬೋಲ್ಟುಗಳನ್ನು ಬಿಗಿದು, ಟಯರಿನ ತುಂಡುಗಳನ್ನು ತೆಗೆದು, ಒಂದು ಉಬ್ಬುಡಬ್ಬಿಯನ್ನು ಬೆಸೆಯಿಸಿ ನೋಡುವುದು ಉಚಿತ. ಇಟ್ಟಿಗೆಯ ಕೋಣೆಯ ಸರದಿ ಅದರ ನಂತರ; ಮತ್ತು ಅದನ್ನು ಕಟ್ಟಿಸುವಾಗ ಟಂಕಿಯ ಅಡಿಯ ನೀರನ್ನು ದಿನವೂ ಬಿಡಲು ಕೈ ಹೋಗುವಷ್ಟು ಜಾಗವನ್ನು ಉಳಿಸಿಕೊಂಡಿರಬೇಕು.